ಮೊಟ್ಟೆಯ ಯುದ್ಧವೂ ಮೂಡೆಯ ಬುಡವೂ

ಮನೆಯಲ್ಲಿ ಹಿಂದೆ ಯಾರೂ ಬಿ.ಎ. ಆಗದಿರುವಾಗ ಒಬ್ಬನು ಮಾತ್ರ ಬಿ.ಎ. ಆಗಿಬಿಡುವುದು ಬಹಳ ತೊಂದರೆಯ ಸಂಗತಿ. ಆಗುವ ತನಕದ ತೊಂದರೆಯನ್ನು ನಾನು ಹೇಳುತ್ತಿಲ್ಲ. ಮಳೆಗಾಲದಲ್ಲಿ ಪುಸ್ತಕವನ್ನು ಹೊಟ್ಟೆಗೆ ಕಟ್ಟಿಕೊಂಡು ಉಡುಪಿಯ ಕಾಲೇಜಿಗೆ ಹೋದದ್ದು, ಒಂದೇ ಅಂಗಿಯನ್ನು ರಾತ್ರಿ ಒಗೆದು ಬೆಳಿಗ್ಗೆ ಹಸಿಯಾಗಿಯೇ ಹಾಕಿಕೊಂಡದ್ದು, ಅವೆಲ್ಲ ನನ್ನ ಕಾಲದಲ್ಲಿ ಓದಿದ ಎಲ್ಲರಿಗೂ ಇದ್ದದ್ದೇ. ನಾನು ಹೇಳುವುದು ಆದ ಮೇಲಿನ ತೊಂದರೆ. ಬಿ.ಎ. ಪಾಸಾದ ಸುದ್ದಿ ಬಂದ ಮರುದಿನದಿಂದಲೇ ಊರಿನವರು ಅದನ್ನು ಉಪಯೋಗಿಸತೊಡಗಿದರು. ಔಷಧದ ಬಾಟಲಿಯ ಮೇಲೆ ಬರೆದದ್ದೇನು, ಬೊಂಬಾಯಿಯಿಂದ ಬಂದ ಟ್ರಂಕಿನ ಮೇಲಿರುವ ಅಕ್ಷರ ಯಾರದು, ಎಲ್ಲದಕ್ಕೂ ನಾನೇ. ಒಮ್ಮೆ ಪಕ್ಕದ ಮನೆಯವರು ಹಾಲು ಬತ್ತಿದ ಎಮ್ಮೆಯನ್ನೇ ಹಿಡಿದುಕೊಂಡು ಬಂದು, “ನೀವು ಓದಿದವರಲ್ವಾ, ಒಮ್ಮೆ ನೋಡಿ ಮಾರಾಯ್ರೆ” ಎಂದರು. ನಾನು ಎಮ್ಮೆಯನ್ನು ನೋಡಿದೆ. ಎಮ್ಮೆ ನನ್ನನ್ನು ನೋಡಿತು. ಅದಕ್ಕೆ ನನ್ನ ವಿದ್ಯೆಯ ಮೇಲೆ ಹೆಚ್ಚಿನ ನಂಬಿಕೆ ಹುಟ್ಟಿದಂತೆ ಕಾಣಲಿಲ್ಲ.

ಇಷ್ಟೆಲ್ಲ ಕೇಳುವವರು, ನೀನು ಓದಿದ್ದರಲ್ಲಿ ಏನಿತ್ತು ಎಂದು ಮಾತ್ರ ಕೇಳುವುದಿಲ್ಲ. ನಿಜವಾದ ಸಂಕಟ ಇರುವುದು ಅಲ್ಲಿ. ಓದಿದ್ದು ಹೊಟ್ಟೆಯಲ್ಲಿ ಸುಮ್ಮನೆ ಕುಳಿತುಕೊಳ್ಳುವ ವಸ್ತುವಲ್ಲ. ತಾತ, ಅಪ್ಪ ಓದಿದವರಾಗಿದ್ದ ಮನೆಯ ಮಕ್ಕಳು ಪುಸ್ತಕ ಓದಿ ಮುಚ್ಚಿಟ್ಟು ಊಟಕ್ಕೆ ಏಳುತ್ತಾರೆ. ನನ್ನಂಥವನು ಓದಿದರೆ ಯಾರಿಗಾದರೂ ಹೇಳದೆ ಊಟ ಸೇರುವುದಿಲ್ಲ. ನಾನಂತೂ ಕಂಡವರನ್ನು ಹಿಡಿದು ನಿಲ್ಲಿಸಿ ಹೇಳುತ್ತಿದ್ದೆ. ಕಾಪುವಿನ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ದೂರದಿಂದ ಕಂಡು, ಬರಬೇಕಾದ ಬಸ್ಸು ಬರುವ ಮೊದಲೇ ಬಂದ ಬೇರೆ ಯಾವುದೋ ಬಸ್ಸು ಹತ್ತಿ ಹೋದವರಿದ್ದಾರೆ.

ಉಡುಪಿಯ ಒಂದು ಹೈಸ್ಕೂಲಿನಲ್ಲಿ ನನಗೆ ಇಂಗ್ಲಿಷ್ ಮಾಸ್ತರಿಕೆ ಸಿಕ್ಕಿತು. ಮೇಲಿನ ತರಗತಿಗೆ ಪಾಠಕ್ಕೆಂದು ಒಂದು ಹಳೆಯ ಕಾದಂಬರಿಯನ್ನು ಸಣ್ಣದು ಮಾಡಿ ಇಟ್ಟಿದ್ದರು. ಹೆಸರು ಬೇಡ, ನೀವೂ ಶಾಲೆಯಲ್ಲಿ ಓದಿರುತ್ತೀರಿ. ಹಡಗಿನ ಡಾಕ್ಟರನೊಬ್ಬ ಮತ್ತೆ ಮತ್ತೆ ಸಮುದ್ರಕ್ಕೆ ಹೋಗುತ್ತಾನೆ. ಪ್ರತಿ ಸಲವೂ ಯಾವ ನಕ್ಷೆಯಲ್ಲೂ ಇಲ್ಲದ ದೇಶಕ್ಕೆ ಹೋಗಿ ಬೀಳುತ್ತಾನೆ. ಒಂದು ಕಡೆ ಗೇಣುದ್ದದ ಜನ, ಇನ್ನೊಂದು ಕಡೆ ಕಾರ್ಕಳದ ಗೊಮ್ಮಟನ ಹೆಗಲು ಮುಟ್ಟುವಂಥ ಜನ, ಮತ್ತೊಂದು ಕಡೆ ಆಕಾಶದಲ್ಲಿ ತೇಲುವ ದ್ವೀಪ, ಕೊನೆಗೆ ಮನುಷ್ಯರಿಗಿಂತ ಮರ್ಯಾದಸ್ಥ ಕುದುರೆಗಳು. ಸಣ್ಣದು ಮಾಡಿದ್ದನ್ನು ಓದಿ ನನಗೆ ತೃಪ್ತಿಯಾಗಲಿಲ್ಲ. ಲೈಬ್ರರಿಯಿಂದ ಇಡೀ ಪುಸ್ತಕವನ್ನೇ ತಂದು ಓದಿದೆ. ಓದುತ್ತ ಹೋದಂತೆ ತಿಳಿಯಿತು, ಇದು ಮಕ್ಕಳ ಕಥೆಯೇ ಅಲ್ಲ. ಬರೆದವನು ಇಡೀ ಮನುಷ್ಯಜಾತಿಯನ್ನು ಜಗಲಿಯಲ್ಲಿ ಕೂರಿಸಿ, ಮುಖದ ಭಾವ ಒಂದಿಷ್ಟೂ ಬದಲಾಗದಂತೆ, ಗೇಲಿ ಮಾಡಿದ್ದಾನೆ. ನಾನು ಓದುತ್ತ ಓದುತ್ತ ಚಾಪೆಯ ಮೇಲೆ ಹೊರಳಿ ನಕ್ಕೆ. ಇನ್ನು ಹೇಳದೆ ಇರುವುದು ಹೇಗೆ?

ನಮ್ಮ ಮನೆ ಇದ್ದದ್ದು ಕಾಪುವಿನಿಂದ ಶಂಕರಪುರಕ್ಕೆ ಹೋಗುವ ದಾರಿಯಲ್ಲಿ. ತಂದೆ ನಾನು ಸಣ್ಣವನಿರುವಾಗಲೇ ತೀರಿಕೊಂಡಿದ್ದರು. ಅಮ್ಮ, ತಂಗಿ ಗಿರಿಜೆ, ನಮ್ಮನ್ನು ಸಾಕಿದ ಸೋದರಮಾವ ಐತಪ್ಪ, ಮತ್ತೆ ನಾನು. ಅಮ್ಮ ಮತ್ತು ಗಿರಿಜೆ ಬೆಳಿಗ್ಗೆ ಮಲ್ಲಿಗೆ ಕೊಯ್ದು ಬಾಳೆನಾರಿನಲ್ಲಿ ಕಟ್ಟಲು ಕೂರುತ್ತಿದ್ದರು. ಕೈ ತುಂಬ ಕೆಲಸ, ಕಿವಿ ಮಾತ್ರ ಖಾಲಿ. ಎದ್ದು ಹೋಗುವಂತೆಯೂ ಇಲ್ಲ. ಇಂಥ ಕೇಳುಗರು ಕಥೆ ಹೇಳುವವನಿಗೆ ಇನ್ನೆಲ್ಲಿ ಸಿಕ್ಕಾರು? ರಜೆಯ ದಿನಗಳಲ್ಲಿ ನಾನು ಪುಸ್ತಕ ಹಿಡಿದು ಅವರ ಎದುರು ಕುಳಿತು, ಇಂಗ್ಲಿಷನ್ನು ತುಳು ಮಾಡಿ ಹೇಳುತ್ತಿದ್ದೆ. (ನಮ್ಮ ಮನೆಯ ಮಾತೆಲ್ಲ ತುಳುವೇ. ನಿಮಗಾಗಿ ಇಲ್ಲಿ ಕನ್ನಡ ಮಾಡಿದ್ದೇನೆ. ಬೈಗುಳಗಳ ರುಚಿ ಸ್ವಲ್ಪ ಕಡಿಮೆಯಾಗಿದೆ, ಕ್ಷಮಿಸಬೇಕು.)

ಅಮ್ಮನಿಗೆ ಕಥೆಗಿಂತ ಅದರ ಅಡುಗೆಮನೆಯ ಚಿಂತೆ. ಕುಳ್ಳರ ದೇಶದಲ್ಲಿ ಆ ಡಾಕ್ಟರನೊಬ್ಬನ ಊಟಕ್ಕೆ ನೂರಾರು ಜನ ಅಡುಗೆ ಮಾಡುತ್ತಿದ್ದರು ಎಂದಾಗ ಅವರ ಕೈಯ ನಾರು ನಿಂತಿತು. “ಪಾಪ, ಪಾತ್ರೆ ತೊಳೆದದ್ದು ಯಾರು?” ಎಂದರು. ಪುಸ್ತಕದಲ್ಲಿ ಅದು ಇರಲಿಲ್ಲ. “ಅದನ್ನೇ ಬರೆಯಲಿಲ್ಲ ಅಂದ ಮೇಲೆ ಎಂತ ಪುಸ್ತಕ ಅದು?” ಎಂದು ಮತ್ತೆ ಕಟ್ಟತೊಡಗಿದರು. ಡಾಕ್ಟರನ ಬಗ್ಗೆಯೂ ಅವರಿಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. “ಹೆಂಡತಿ ಮಕ್ಕಳನ್ನು ಬಿಟ್ಟು ಪುನಃ ಪುನಃ ಹಡಗು ಹತ್ತುವವನಿಗೆ ಜವಾಬ್ದಾರಿ ಉಂಟಾ? ಅವನಿಗೆ ಹಾಗೆಯೇ ಆಗಬೇಕು.” ತೇಲುವ ದ್ವೀಪದ ಕಥೆ ಬಂದಾಗ ನಾನು ಬಹಳ ಉತ್ಸಾಹದಿಂದ, “ಅಮ್ಮಾ, ಅಲ್ಲಿ ಇರುವವರೆಲ್ಲ ದೊಡ್ಡ ವಿದ್ವಾಂಸರು. ಯಾವಾಗಲೂ ಯೋಚನೆಯಲ್ಲೇ ಇರುತ್ತಾರೆ. ಕೆಳಗಿನ ಊರಿನವರು ತಲೆ ಎತ್ತಿ ನೋಡಬೇಕು, ಅಷ್ಟು ಮೇಲೆ!” ಎಂದೆ. ಅಮ್ಮ, “ಯಾವುದು, ಮಣಿಪಾಲವಾ?” ಎಂದು ಕೇಳಿದರು. ಆಗ ಮಣಿಪಾಲದ ಬೋಳುಗುಡ್ಡದ ಮೇಲೆ ದಿನಕ್ಕೊಂದು ಎಂಬಂತೆ ಕಟ್ಟಡ ಏಳುತ್ತಿದ್ದ ಕಾಲ. ನಾನು ಅಲ್ಲವೆಂದು ಹೇಳಿದರೂ ಅವರು ಇವತ್ತಿಗೂ ಅದು ಮಣಿಪಾಲವೇ ಎಂದು ನಂಬಿದ್ದಾರೆ.

ಐತಪ್ಪ ಮಾವನಿಗೆ ಈ ದೇಶಗಳ ಬಗ್ಗೆ ಒಂದಿಷ್ಟೂ ಆಶ್ಚರ್ಯವಿರಲಿಲ್ಲ. “ಎಲ್ಲ ಬೊಂಬಾಯಿಯಲ್ಲಿ ಇರಬಹುದು” ಎನ್ನುತ್ತಿದ್ದರು. ನಮ್ಮ ಕಡೆಯ ಅರ್ಧ ಜನ ಅಲ್ಲಿಯ ಹೋಟೆಲುಗಳಲ್ಲಿ ಇದ್ದುದರಿಂದ, ಜಗತ್ತಿನಲ್ಲಿ ಇರುವ ವಿಚಿತ್ರವೆಲ್ಲ ಬೊಂಬಾಯಿಯಲ್ಲೇ ಇರಬೇಕೆಂದು ಅವರ ಲೆಕ್ಕಾಚಾರ.

ಪ್ರಶ್ನೆ ಕೇಳಿ ನನ್ನನ್ನು ನಿಜವಾಗಿ ಖುಷಿಪಡಿಸಿದವಳು ಗಿರಿಜೆ. ಅವಳು ಐದನೆಯ ತರಗತಿಗೆ ಶಾಲೆ ಬಿಟ್ಟವಳು. ಮೊಗ್ಗು ಜೋಡಿಸುತ್ತ ತಲೆ ಎತ್ತದೆಯೇ ಒಂದು ದಿನ, “ಅಣ್ಣಾ, ಆ ಕುಳ್ಳರಿಗೆ ತಾವು ಕುಳ್ಳರು ಅಂತ ಗೊತ್ತಿತ್ತಾ?” ಎಂದು ಕೇಳಿದಳು. ನನ್ನ ತರಗತಿಯಲ್ಲಿ ಯಾರೂ ಕೇಳದ ಪ್ರಶ್ನೆ. ನಾನು ಕೊರಳು ಸರಿಮಾಡಿಕೊಂಡು, “ಗೊತ್ತಿರಲಿಲ್ಲ. ಅದೇ ತಮಾಷೆ. ಅವರ ಮಟ್ಟಿಗೆ ಅವರದೇ ಸರಿಯಾದ ಎತ್ತರ. ಹೊರಗಿನಿಂದ ನೋಡುವ ನಮಗೆ ಮಾತ್ರ ಗೊತ್ತಾಗುವುದು” ಎಂದು ವ್ಯಾಖ್ಯಾನ ಮಾಡಿದೆ. ‘ನಮಗೆ’ ಎನ್ನುವಾಗ ಎದೆ ಸ್ವಲ್ಪ ಮುಂದೆ ಬಂದಿತ್ತು. ಆ ಎದೆಯನ್ನು ನೆನಪಿಡಿ, ಮುಂದೆ ಕೆಲಸಕ್ಕೆ ಬರುತ್ತದೆ.

ಆ ವರ್ಷ ಗಿರಿಜೆಗೆ ಸಂಬಂಧ ನೋಡುತ್ತಿದ್ದರು. ಮೊದಲು ಬಂದ ಒಂದು ಸಂಬಂಧ ನನ್ನಿಂದಲೇ ತಪ್ಪಿತ್ತು. ಹುಡುಗನ ಅಣ್ಣನನ್ನು ನಾನು ಮರ್ಯಾದೆಗೆಂದು ಮಾತನಾಡಿಸುತ್ತ, ಮನುಷ್ಯರಿಗಿಂತ ಕುದುರೆಗಳೇ ಮೇಲು ಎಂಬ ಭಾಗವನ್ನು ವಿವರಿಸಿದ್ದೆ. ಅವರ ಕುಟುಂಬದ್ದು ಜಟಕಾ ಗಾಡಿಯ ವ್ಯವಹಾರ ಎಂದು ನನಗೆ ಯಾರು ಹೇಳಿದ್ದರು? ಅವರು ಹೋದವರು ತಿರುಗಿ ಬರಲಿಲ್ಲ. “ಬಿ.ಎ. ಭಾವ ಇರುವ ಮನೆ ನಮಗೆ ಹೊಂದಲಿಕ್ಕಿಲ್ಲ” ಎಂದು ಹೇಳಿ ಕಳುಹಿಸಿದರಂತೆ.

ಈಗ ಬಂದದ್ದು ಕಾರ್ಕಳದ ಸಂಬಂಧ. ಹುಡುಗನ ಹೆಸರು ವಾಸು. ಮಣಿಪಾಲದ ಒಂದು ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವ ಕೆಲಸ. ಪರ್ಕಳದಲ್ಲಿ ಕೋಣೆ ಮಾಡಿಕೊಂಡಿದ್ದ. ಗಿರಿಜೆ ಉಡುಪಿಯ ಹೂವಿನ ಕಟ್ಟೆಗೆ ಅಮ್ಮನೊಟ್ಟಿಗೆ ಮಲ್ಲಿಗೆ ಕೊಂಡುಹೋಗುವಾಗ ಅವನನ್ನು ನೋಡಿದ್ದಳು. ಮುಡಿಸಲು ಯಾರೂ ಇಲ್ಲದ ಗಂಡಸು ವಾರವಾರ ಬಂದು ಮಲ್ಲಿಗೆ ಕೊಳ್ಳುವುದೆಂದರೆ ಅದಕ್ಕೆ ಏನೋ ಅರ್ಥ ಇರಬೇಕು. ಅವಳ ಮನಸ್ಸು ಅಲ್ಲಿ ಇದೆಯೆಂದು ಅಮ್ಮನಿಗೂ ಗೊತ್ತು, ನನಗೂ ಗೊತ್ತು. ಆದರೆ ಅವರ ಮನೆಯಲ್ಲಿ ಮಾತು ನಡೆಯುವುದು ಹುಡುಗನ ಸೋದರಮಾವ ದೂಮಪ್ಪನವರದು. ಅವರು ಹೂಂ ಎಂದರೆ ಮದುವೆ, ಉಹುಂ ಎಂದರೆ ಇಲ್ಲ. ಆ ದೂಮಪ್ಪನವರು ಹುಡುಗನನ್ನು ಕರೆದುಕೊಂಡು ಒಂದು ಭಾನುವಾರ ಮಧ್ಯಾಹ್ನದ ಊಟಕ್ಕೆ ಬರುವುದೆಂದು ಗೊತ್ತಾಯಿತು.

ಆ ಭಾನುವಾರ ಬೆಳಿಗ್ಗೆ ಗಿರಿಜೆ ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದಳು. “ಅಣ್ಣಾ, ಇವತ್ತೊಂದು ದಿನ ಪುಸ್ತಕ ಬೇಡ.”

“ನಾನೆಲ್ಲಿ ಪುಸ್ತಕ ಹಿಡಿದು ಕೂರುತ್ತೇನೆ?” ಎಂದೆ.

“ಕೈಯಲ್ಲಿ ಬೇಡ ಅಂತಲ್ಲ, ಬಾಯಲ್ಲಿ ಬೇಡ. ಹವಾಮಾನ ಮಾತಾಡು. ಗದ್ದೆ ಮಾತಾಡು. ಏನೂ ಇಲ್ಲದಿದ್ದರೆ ಕೆಮ್ಮು. ಇದು ತಪ್ಪಿದರೆ ನಾನು ನಿನ್ನ ಸರ್ಟಿಫಿಕೇಟಿನ ಮೇಲೆ ಮೀನು ಒಣಗಿಸುತ್ತೇನೆ, ನೋಡು.” ನಗುತ್ತಲೇ ಹೇಳಿದಳು. ಆದರೆ ಕಣ್ಣು ನಗುತ್ತಿರಲಿಲ್ಲ. ನಾನು ಆಣೆ ಹಾಕಿದೆ.

ಊಟಕ್ಕೆ ಅಮ್ಮ ಮೂಡೆ ಮಾಡಿದ್ದರು, ಜೊತೆಗೆ ಕೋಳಿ ಗಸಿ, ಅಂದರೆ ತೆಂಗಿನಕಾಯಿ ಅರೆದು ಹಾಕಿದ ಗಟ್ಟಿ ಸಾರು. ಮೂಡೆ ಎಂದರೆ ಗೊತ್ತಿಲ್ಲದ ಘಟ್ಟದ ಮೇಲಿನವರಿಗಾಗಿ ಹೇಳುತ್ತೇನೆ. ಕೇದಗೆ ಜಾತಿಯ ಗಿಡದ ಉದ್ದ ಎಲೆಯ ಮುಳ್ಳು ತೆಗೆದು, ಬೆಂಕಿಗೆ ಬಾಡಿಸಿ, ಸುರುಳಿ ಸುತ್ತಿ ಕಡ್ಡಿ ಚುಚ್ಚಿ ಉದ್ದನೆಯ ಲೋಟದಂತೆ ಮಾಡುತ್ತಾರೆ. ಅದಕ್ಕೆ ಇಡ್ಲಿಯ ಹಿಟ್ಟಿನಂಥದ್ದನ್ನು ಹೊಯ್ದು ಬೇಯಿಸಿದರೆ ಮೂಡೆ. ಹಿಟ್ಟು ಹೊಯ್ಯುವ ಕಡೆ ಬಾಯಿ, ಎಲೆ ಮಡಚಿ ಮುಚ್ಚಿರುವ ಕಡೆ ಬುಡ. ತಿನ್ನುವಾಗ ಎಲೆ ಬಿಚ್ಚಿ ತಿನ್ನಬೇಕು. ನಮ್ಮ ಮನೆಯಲ್ಲಿ ಬಾಯಿಯ ಕಡೆಯ ಕಡ್ಡಿ ಎಳೆದು, ಎಲೆಯನ್ನು ಸುತ್ತುಸುತ್ತಾಗಿ ಬಿಚ್ಚುತ್ತ ಬರುತ್ತೇವೆ. ಬೇರೆ ರೀತಿಯಲ್ಲಿ ಬಿಚ್ಚಬಹುದೆಂದು ಅಲ್ಲಿಯ ತನಕ ನಮಗೆ ಯಾರಿಗೂ ತೋಚಿರಲಿಲ್ಲ.

ಶಿರ್ವದ ದಾರಿಯ ಬಸ್ಸಿನಲ್ಲಿ ಬಂದಿಳಿದ ದೂಮಪ್ಪನವರು ದೊಡ್ಡ ಆಸಾಮಿ. ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲಾಯಿತು. ಮೀಸೆಯೂ ಮೈಗೆ ತಕ್ಕದ್ದೇ. ವಾಸು ಅವರ ಹಿಂದೆ, ಅವರ ನೆರಳಿನಲ್ಲಿಯೇ ಬಂದು ಕುಳಿತ. ಬೆಲ್ಲ ನೀರು ಆಯಿತು. ಮಳೆ ಆಯಿತು, ಗದ್ದೆ ಆಯಿತು, ಕಾರ್ಕಳದ ಬಿಸಿಲು ಆಯಿತು. ನಾನು ಗಿರಿಜೆ ಹೇಳಿದಂತೆ ನಡುನಡುವೆ ಕೆಮ್ಮಿದೆ. ಎಷ್ಟು ಕೆಮ್ಮಿದೆನೆಂದರೆ ದೂಮಪ್ಪನವರು ಐತಪ್ಪ ಮಾವನ ಕಡೆಗೆ ಬಾಗಿ, “ಹುಡುಗಿಯ ಅಣ್ಣನಿಗೆ ಎದೆಯ ಕಾಯಿಲೆ ಎಂತಾದರೂ ಉಂಟಾ?” ಎಂದು ಕೇಳಿದರು. ಅಲ್ಲಿಗೆ ಕೆಮ್ಮನ್ನು ನಿಲ್ಲಿಸಬೇಕಾಯಿತು. ಮಾತೂ ನಿಂತಿತು.

ಎಲೆ ಹಾಕಿ ಊಟಕ್ಕೆ ಕುಳಿತ ಮೇಲೂ ಮೌನ. ಮೂಡೆ ಬಂತು, ಗಸಿ ಬಂತು, ಮಾತು ಬರಲಿಲ್ಲ. ಆಗ ದೂಮಪ್ಪನವರು ನನ್ನ ಕಡೆ ತಿರುಗಿ, “ಮಾಷ್ಟ್ರೇ, ನೀವು ಬಿ.ಎ. ಅಂತಲ್ವಾ? ಅಷ್ಟು ಓದಿದವರು ಸುಮ್ಮನೆ ಕೂತರೆ ಹೇಗೆ? ಎಂತಾದರೂ ಹೇಳಿ, ನೋಡುವ” ಎಂದರು.

ಹಸಿದವನ ಎದುರು ಎಲೆ ಹಾಕಿದ ಹಾಗಾಯಿತು ನನಗೆ. ಅಡುಗೆಮನೆಯ ಬಾಗಿಲಿನಿಂದ ಗಿರಿಜೆಯ ಕಣ್ಣು ಸೂಜಿಯ ಹಾಗೆ ಚುಚ್ಚುತ್ತಿತ್ತು. ನಾನು ಎಷ್ಟೋ ಹೊತ್ತು ತಡೆದುಕೊಂಡೆ. ಎಷ್ಟೋ ಹೊತ್ತು ಎಂದರೆ ಒಂದು ತುತ್ತು ನುಂಗುವಷ್ಟು ಹೊತ್ತು. ಅತಿಥಿಗಳು ಬಾಯಿಬಿಟ್ಟು ಕೇಳಿದ ಮೇಲೆ ಹೇಳದಿರುವುದು ಮರ್ಯಾದೆಯೇ? ಕುದುರೆಯ ಕಥೆ ಬೇಡ. ಯಾರಿಗೂ ನೋವಾಗದ ಒಂದು ತಮಾಷೆ ಹೇಳಿದರಾಯಿತು ಎಂದುಕೊಂಡು, ಆ ಪುಸ್ತಕದ ಮೊಟ್ಟೆಯ ಯುದ್ಧವನ್ನು ಆರಿಸಿದೆ. ಕೋಳಿಯ ಊಟಕ್ಕೆ ಮೊಟ್ಟೆಯ ಕಥೆ, ಹೊಂದಿಕೆಯೂ ಆಗುತ್ತದೆ.

“ಒಂದು ದೇಶದಲ್ಲಿ ಗೇಣುದ್ದದ ಜನ ಇದ್ದರು. ಅವರಲ್ಲಿ ಬೇಯಿಸಿದ ಮೊಟ್ಟೆಯನ್ನು ಯಾವ ಕಡೆಯಿಂದ ಒಡೆಯಬೇಕು ಅಂತ ಜಗಳ. ಹಿಂದಿನಿಂದ ದೊಡ್ಡ ತುದಿಯಿಂದ ಒಡೆಯುವುದು ವಾಡಿಕೆ. ಒಬ್ಬ ರಾಜ, ಇನ್ನು ಮುಂದೆ ಚೂಪು ತುದಿಯಿಂದಲೇ ಒಡೆಯಬೇಕು ಅಂತ ಕಾನೂನು ಮಾಡಿದ. ಅರ್ಧ ಜನ ಒಪ್ಪಿದರು, ಅರ್ಧ ಜನ ಒಪ್ಪಲಿಲ್ಲ. ದಂಗೆ ಎದ್ದಿತು. ಸಾವಿರಗಟ್ಟಲೆ ಜನ ಪ್ರಾಣ ಕೊಟ್ಟರು, ಮೊಟ್ಟೆಯ ಚೂಪು ತುದಿ ಮಾತ್ರ ಒಡೆಯುವುದಿಲ್ಲ ಅಂತ!”

ದೂಮಪ್ಪನವರು ನಕ್ಕ ನಗು ನೋಡಬೇಕಿತ್ತು. ಮೊದಲು ಮೀಸೆ ನಡುಗಿತು, ಆಮೇಲೆ ಹೊಟ್ಟೆ, ಆಮೇಲೆ ಎದುರಿನ ಬಾಳೆಎಲೆ. “ಮೊಟ್ಟೆಗೆ! ಮೊಟ್ಟೆಗೆ ಪ್ರಾಣ ಕೊಟ್ಟರಾ! ಅಯ್ಯೋ ಮಂಗಗಳೇ!” ಎಂದು ಕಣ್ಣು ಒರೆಸಿಕೊಂಡರು. ಐತಪ್ಪ ಮಾವ ತೊಡೆ ತಟ್ಟಿ ನಕ್ಕರು. ವಾಸುವೂ ನಕ್ಕ. ನಾನು ಬಾಗಿಲಿನ ಕಡೆ, ‘ನೋಡಿದೆಯಾ?’ ಎಂಬಂತೆ ಗೆದ್ದ ನೋಟ ಬೀರಿದೆ. ಗಿರಿಜೆಯ ಮುಖವೂ ಸ್ವಲ್ಪ ಸಡಿಲವಾಯಿತು.

ಅಷ್ಟಕ್ಕೇ ಎಲ್ಲರೂ ಊಟ ಮುಗಿಸಿ ಎದ್ದಿದ್ದರೆ ನಾನು ಈ ಪ್ರಬಂಧ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಐತಪ್ಪ ಮಾವ ನಗುತ್ತಲೇ, ದೂಮಪ್ಪನವರ ಮಾತಿಗೆ ಒತ್ತು ಕೊಡಲೆಂದು, “ಅಲ್ವಾ ಮತ್ತೆ? ಮೊಟ್ಟೆಗೆ ಎಂತ ತಲೆ, ಎಂತ ಬುಡ! ಮೂಡೆಯಾದರೆ ಅದು ಬೇರೆ. ಮೂಡೆಗೆ ಬಾಯಿ ಅಂತ ಒಂದು ಉಂಟು, ಬಾಯಿಯಿಂದಲೇ ಬಿಚ್ಚಬೇಕು” ಎಂದರು.

“ಹೌದು ಹೌದು” ಎನ್ನುತ್ತ ದೂಮಪ್ಪನವರು ಹೊಸ ಮೂಡೆಯೊಂದನ್ನು ಎತ್ತಿ, ತಲೆಕೆಳಗೆ ಮಾಡಿ, ಬುಡದ ಮಡಿಕೆಗೆ ಹೆಬ್ಬೆರಳು ಹಾಕಿದವರು ಅಲ್ಲೇ ನಿಂತರು. “ಎಂತ ಹೇಳಿದಿರಿ? ಬಾಯಿಯಿಂದಲಾ?”

“ಬಾಯಿಯಿಂದ.”

“ಬುಡದಿಂದ ಅಲ್ವಾ?”

“ಬುಡದಿಂದ ಯಾರಾದರೂ ಬಿಚ್ಚುತ್ತಾರಾ?” ಎಂದು ಐತಪ್ಪ ಮಾವ ಮತ್ತೆ ನಕ್ಕರು. ಈ ಸಲ ಅವರೊಬ್ಬರೇ ನಕ್ಕರು.

ದೂಮಪ್ಪನವರು ಹೆಬ್ಬೆರಳನ್ನು ಬುಡದಲ್ಲೇ ಇಟ್ಟುಕೊಂಡು, “ನಮ್ಮ ಅಜ್ಜನ ಕಾಲದಿಂದ ಬುಡದಿಂದಲೇ. ಬುಡ ಬಿಚ್ಚಿ ಒತ್ತಿದರೆ ಇಡೀ ಮೂಡೆ ಹಾಗೆಯೇ ಹೊರಗೆ ಬರುತ್ತದೆ. ಬಾಯಿಯಿಂದ ಸುತ್ತು ಬಿಚ್ಚಿದರೆ ಅರ್ಧ ಎಲೆಗೇ ಅಂಟುತ್ತದೆ” ಎಂದರು.

“ನಮ್ಮಲ್ಲಿ ಅಂಟುವುದಿಲ್ಲ, ಭಾವ. ಅಂಟುವುದು ಅಕ್ಕಿ ಸರಿ ನೆನೆಯದಿದ್ದರೆ.”

“ಅಂದರೆ ಕಾರ್ಕಳದಲ್ಲಿ ಅಕ್ಕಿ ನೆನೆಸಲಿಕ್ಕೆ ಗೊತ್ತಿಲ್ಲ ಅಂತಲಾ?”

“ನಾನು ಹಾಗೆ ಹೇಳಲಿಲ್ಲ. ಅಂಟುತ್ತದೆ ಅಂತ ನೀವೇ ಹೇಳಿದ್ದು.”

ಅಮ್ಮ ಸೌಟು ಹಿಡಿದೇ ಹೊರಗೆ ಬಂದರು. ಜಗಳ ಬಿಡಿಸಲು ಬಂದರೆಂದು ನಾನು ತಿಳಿದೆ. ಅವರು ಬಂದದ್ದು, “ಬುಡದಿಂದ ಒತ್ತಿದರೆ ಎಲೆಯ ಪರಿಮಳ ಎಲ್ಲ ಹೋಗುತ್ತದೆ, ಅಣ್ಣ” ಎಂದು ಹೇಳಲಿಕ್ಕೆ. ದೂಮಪ್ಪನವರು, “ಹಾಗಾದರೆ ನೋಡಿ” ಎಂದು ಬುಡದಿಂದ ಒಂದು ಮೂಡೆ ಒತ್ತಿದರು. ಅದು ಕೈಯಿಂದ ಜಾರಿ ಹಾರಿ ಗಸಿಯ ಪಾತ್ರೆಗೆ ಬಿತ್ತು. “ನೋಡಿದಿರಾ, ಇಡೀ ಬಂತು!” ಎಂದರು. ಐತಪ್ಪ ಮಾವ ತಮ್ಮ ಕಡ್ಡಿ ಎಳೆದು ಸುತ್ತು ಬಿಚ್ಚಿದರು; ಸಮಯಕ್ಕೆ ಸರಿಯಾಗಿ ಅದು ಎಲೆಗೆ ಅಂಟಿತು. “ಇದೊಂದು ಮಾತ್ರ!” ಎಂದು ಇನ್ನೊಂದಕ್ಕೆ ಕೈ ಹಾಕಿದರು. ದೂಮಪ್ಪನವರೂ ಹಾಕಿದರು. ಬಿಚ್ಚಿದ್ದನ್ನು ಯಾರೂ ತಿನ್ನುತ್ತಿರಲಿಲ್ಲ. ವಾಸುವೊಬ್ಬ ಇಬ್ಬರೂ ಬಿಚ್ಚಿ ಬಿಸಾಡಿದ್ದನ್ನು ಸದ್ದಿಲ್ಲದೆ ಹೆಕ್ಕಿ ಗಸಿಗೆ ಅದ್ದಿ ತಿನ್ನುತ್ತಿದ್ದ.

“ನೀನು ಹೇಳು, ವಾಸು, ನೀನು ಯಾವ ಕಡೆ?” ಎಂದು ದೂಮಪ್ಪನವರು ಗುಡುಗಿದರು.

“ನಾನು ತಿನ್ನುವ ಕಡೆ, ಮಾವ” ಎಂದ ವಾಸು. ಅಡುಗೆಮನೆಯ ಬಾಗಿಲಿನ ಹಿಂದೆ ಯಾರೋ ಫಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡದ್ದು ಕೇಳಿಸಿತು.

ನನಗೆ ಆಗ ಏನಾಯಿತೆಂದು ಹೇಗೆ ಹೇಳಲಿ? ಪುಸ್ತಕವೇ ನನ್ನ ಕಣ್ಣೆದುರು ಚಾಪೆ ಹಾಕಿ ಊಟಕ್ಕೆ ಕುಳಿತಿತ್ತು! ಸಾವಿರಾರು ಮೈಲಿ ದೂರದಲ್ಲಿ ಯಾರೋ ಯಾವ ಕಾಲದಲ್ಲೋ ಬರೆದದ್ದು ನಮ್ಮ ಜಗಲಿಯಲ್ಲಿ ಗಸಿ ಮೆತ್ತಿಕೊಂಡು ನಡೆಯುತ್ತಿತ್ತು. ಸಂತೋಷ ತಡೆಯಲಾರದೆ, “ಇದೇ! ಇದೇ ಆ ಮೊಟ್ಟೆಯ ಯುದ್ಧ! ನೀವು ಈಗ ಮಾಡುತ್ತಿರುವುದು ಅದನ್ನೇ!” ಎಂದು ಕೂಗಿಬಿಟ್ಟೆ.

ದೂಮಪ್ಪನವರು ನಿಧಾನವಾಗಿ ನನ್ನ ಕಡೆ ತಿರುಗಿದರು. “ಎಂತದು? ನಮ್ಮನ್ನು ಆ ಗೇಣುದ್ದದವರಿಗೆ ಹೋಲಿಸಿದ್ದಾ?”

ಐತಪ್ಪ ಮಾವನೂ ತಿರುಗಿದರು. “ಮೊಟ್ಟೆ ಬೇರೆ, ಮೂಡೆ ಬೇರೆ ಮಾರಾಯ! ಅಷ್ಟೂ ಗೊತ್ತಾಗುವುದಿಲ್ಲವಾ ನಿನಗೆ?”

“ಬಿ.ಎ. ಬೇರೆ ಮಾಡಿದ್ದಾನೆ” ಎಂದರು ಅಮ್ಮ.

ಅರೆಗಳಿಗೆಯ ಮಟ್ಟಿಗೆ ಬಾಯಿಯ ಕಡೆಯವರೂ ಬುಡದ ಕಡೆಯವರೂ ಒಂದಾಗಿ ನನ್ನನ್ನು ನೋಡಿದರು. ಆ ಒಗ್ಗಟ್ಟು ನಿಂತಿದ್ದರೆ ನಾನು ಸಂತೋಷದಿಂದ ಬೈಸಿಕೊಳ್ಳುತ್ತಿದ್ದೆ. ನಿಲ್ಲಲಿಲ್ಲ. ದೂಮಪ್ಪನವರು ಎಂಜಲು ಕೈಯನ್ನು ಎಲೆಯ ಮೇಲೆ ಕೊಡವಿ, ಹೊರಗಿನ ದಾರಿಯ ಕಡೆ ನೋಡುತ್ತ, “ಕಾರ್ಕಳಕ್ಕೆ ಈಗ ಬಸ್ಸು ಉಂಟಾ?” ಎಂದು ಕೇಳಿದರು.

ನಮ್ಮ ಕಡೆ ಸಂಬಂಧ ಬೇಡವೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಊಟದ ನಡುವೆ ಬಸ್ಸು ಕೇಳಿದರೆ ಅದೇ ಉತ್ತರ. ಅಮ್ಮನ ಕೈಯ ಸೌಟು ಕೆಳಗಿಳಿಯಿತು. ವಾಸು ಬಾಯಿಗೆ ಒಯ್ದ ತುತ್ತನ್ನು ಹಾಗೆಯೇ ಎಲೆಗೆ ಇಟ್ಟ. ನನ್ನ ತಲೆಯೊಳಗೆ ಸರ್ಟಿಫಿಕೇಟಿನ ಮೇಲೆ ಮೀನು ಒಣಗತೊಡಗಿತು. ಮೀನಾದರೂ ಒಣಗಲಿ, ಗಿರಿಜೆಯ ಮುಖ ನೋಡುವುದು ಹೇಗೆ ಎಂದು ಬಾಗಿಲಿನ ಕಡೆ ನೋಡಿದರೆ ಅವಳು ಅಲ್ಲಿರಲೇ ಇಲ್ಲ.

ಅವಳು ಆಗಲೇ ಜಗಲಿಗೆ ಬಂದಿದ್ದಳು. ಯಾರ ಮುಖವನ್ನೂ ನೋಡದೆ, ಉಳಿದ ಮೂಡೆಗಳ ಬುಟ್ಟಿಯನ್ನು ಎತ್ತಿಕೊಂಡು ಒಳಗೆ ಹೋದಳು. ಕೈ ತೊಳೆಯಲು ಏಳಬೇಕೋ ಬೇಡವೋ ಎಂದು ದೂಮಪ್ಪನವರು ಅರ್ಧ ಎದ್ದು ಅರ್ಧ ಕುಳಿತು ಇರುವಾಗಲೇ ಹಿಂತಿರುಗಿ ಬಂದಳು. ಕೈಯಲ್ಲಿ ಹರಿವಾಣ. ಅದರ ತುಂಬ ಮೂಡೆ, ಒಂದರ ಮೇಲೂ ಎಲೆಯಿಲ್ಲ. ಬೆಳ್ಳಗೆ, ನುಣ್ಣಗೆ, ಹಬೆಯಾಡುತ್ತ ಅಡ್ಡ ಮಲಗಿದ್ದವು. ಯಾವುದು ಬಾಯಿ ಯಾವುದು ಬುಡ ಎಂದು ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ.

“ಬಿಚ್ಚಿ ತಂದಿದ್ದೇನೆ ಮಾವ, ಬಡಿಸಲಾ?”

ದೂಮಪ್ಪನವರು ಹರಿವಾಣವನ್ನೇ ನೋಡಿದರು. “ಯಾವ ಕಡೆಯಿಂದ ಬಿಚ್ಚಿದ್ದು, ಮಗಾ?”

“ತಿಂದು ನೋಡಿ. ಗೊತ್ತಾದರೆ ನೀವೇ ಹೇಳಿ” ಎಂದು ಅವರ ಎಲೆಗೊಂದು, ಐತಪ್ಪ ಮಾವನ ಎಲೆಗೊಂದು ಬಡಿಸಿದಳು.

ಅರ್ಧ ಎದ್ದವರು ಪೂರ್ತಿ ಕುಳಿತರು. ಒಂದು ತುತ್ತು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ನಾಡಿ ನೋಡುವ ವೈದ್ಯರ ಹಾಗೆ ಬಹಳ ಹೊತ್ತು ಜಗಿದರು. ಕಣ್ಣು ಬಿಟ್ಟು, “ಬುಡದಿಂದಲೇ. ಸಂಶಯವೇ ಇಲ್ಲ” ಎಂದರು. ಐತಪ್ಪ ಮಾವ ತಮ್ಮ ತುತ್ತನ್ನು ಜಗಿದು, “ನಮ್ಮ ಮನೆಯ ಹುಡುಗಿ ಬುಡದಿಂದ ಬಿಚ್ಚುತ್ತಾಳಾ? ಬಾಯಿಯಿಂದಲೇ. ಪರಿಮಳ ನೋಡಿ!” ಎಂದರು. ಇಬ್ಬರೂ ಗಿರಿಜೆಯನ್ನು ನೋಡಿದರು. ಅವಳು ತಲೆ ತಗ್ಗಿಸಿ ಗಸಿ ಬಡಿಸಿದಳು. ಸರಿಯಾಗಿ ಗೊತ್ತಾಗಲೆಂದು ದೂಮಪ್ಪನವರು ಇನ್ನೊಂದು ಹಾಕಿಸಿಕೊಂಡರು. ಐತಪ್ಪ ಮಾವನೂ ಹಾಕಿಸಿಕೊಂಡರು. ಹರಿವಾಣ ಖಾಲಿಯಾಗುವ ಹೊತ್ತಿಗೆ ಇಬ್ಬರಿಗೂ ತಾವೇ ಗೆದ್ದದ್ದೆಂದು ಖಾತ್ರಿಯಾಗಿತ್ತು. ಜಗಳ ಮುಂದುವರಿಸಲು ಹೊಟ್ಟೆಯಲ್ಲಿ ಜಾಗವೂ ಇರಲಿಲ್ಲ.

ಎಲೆ ಅಡಿಕೆ ಹಾಕಿಕೊಳ್ಳುವಾಗ ದೂಮಪ್ಪನವರು, “ಹುಡುಗಿ ನಮ್ಮ ಕಡೆಯವಳೇ” ಎಂದರು. ಅವರ ಹೂಂ ಎಂದರೆ ಅದೇ. ಕೊಡುವ ಕೊಳ್ಳುವ ಮಾತು ಒಂದೂ ಎತ್ತಲಿಲ್ಲ. ಅವರು ಇಟ್ಟದ್ದು ಒಂದೇ ಷರತ್ತು: “ಮದುವೆಯ ದಿನ ಮಾಷ್ಟ್ರು ಮಾತ್ರ ಕಥೆ ಹೇಳಬಾರದು.” ಐತಪ್ಪ ಮಾವ ನನ್ನನ್ನು ಒಂದು ಮಾತೂ ಕೇಳದೆ ಒಪ್ಪಿದರು. ಸಂಜೆ ಬಸ್ಸಿಗೆ ಬಿಡಲು ಹೋದಾಗ ಮಾತ್ರ ದೂಮಪ್ಪನವರು ಹುಡುಗನನ್ನು ಮುಂದೆ ಬಿಟ್ಟು ನನ್ನ ಹೆಗಲಿಗೆ ಕೈ ಹಾಕಿ, ಆಚೆ ಈಚೆ ನೋಡಿ, ಸ್ವರ ತಗ್ಗಿಸಿ ಕೇಳಿದರು: “ಅಲ್ಲ ಮಾಷ್ಟ್ರೇ, ಆ ಮೊಟ್ಟೆಯವರದ್ದು ಕೊನೆಗೆ ಎಂತಾಯಿತು? ದೊಡ್ಡ ತುದಿಯವರು ಗೆದ್ದರೋ?” ಮೂಡೆಯ ಬುಡ ಎಂದರೆ ದೊಡ್ಡ ತುದಿ ಎಂದು ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದರು, ಕಾಣುತ್ತದೆ. ಆ ಜಗಳ ಇನ್ನೂ ಮುಗಿದಿಲ್ಲ ಎಂದೆ. “ಮುಗಿಯಲಿಕ್ಕಿಲ್ಲ” ಎಂದು ಬಹಳ ಗಂಭೀರವಾಗಿ ಬಸ್ಸು ಹತ್ತಿದರು.

ಮದುವೆಯಾಯಿತು. ನಾನು ಕಥೆ ಹೇಳಲಿಲ್ಲ. ಹೇಳಬಾರದೆಂದು ನನ್ನನ್ನು ಹೂವಿನ ಬುಟ್ಟಿಗಳ ಕಾವಲಿಗೆ ಹಾಕಿದ್ದರು. ಗಿರಿಜೆ ವಾಸುವಿನೊಡನೆ ಕೆಲವು ಕಾಲ ಪರ್ಕಳದಲ್ಲಿದ್ದು, ಈಗ ಕಾರ್ಕಳದಲ್ಲೇ ಮನೆ ಮಾಡಿದ್ದಾಳೆ. ದೂಮಪ್ಪನವರು ಕಂಡವರಿಗೆಲ್ಲ, “ನಾವು ನೋಡಲಿಕ್ಕೆ ಹೋದ ದಿನವೇ ನಮ್ಮ ಸೊಸೆ ಬುಡದಿಂದ ಬಿಚ್ಚಿದವಳು” ಎಂದು ಹೇಳುತ್ತಾರೆ. ಐತಪ್ಪ ಮಾವ ಕಾಪುವಿನಲ್ಲಿ, “ಕಾರ್ಕಳದವರಿಗೆ ಬಾಯಿಯ ರುಚಿ ಕಲಿಸಿದ್ದು ನಮ್ಮ ಹುಡುಗಿ” ಎನ್ನುತ್ತಾರೆ. ಇಬ್ಬರೂ ಈಗ ಬಹಳ ಸ್ನೇಹಿತರು. ನಾನು ಮಾತ್ರ ಈ ಇಬ್ಬರನ್ನೂ ಎತ್ತರದಿಂದ ನೋಡುವ ಹಡಗಿನ ಡಾಕ್ಟರನಂತೆ, ಸ್ಟಾಫ್ ರೂಮಿನಲ್ಲಿ ಈ ಕಥೆಯನ್ನು ಹೇಳಿ ಹೇಳಿ ನಗಿಸುತ್ತ ಬಂದಿದ್ದೇನೆ. ಮನುಷ್ಯರು ಎಷ್ಟು ಸಣ್ಣ ವಿಷಯಕ್ಕೆ ಜಗಳವಾಡುತ್ತಾರೆ ನೋಡಿ ಎಂದು ಕೊನೆಗೆ ಒಂದು ಉಪದೇಶವೂ ಇರುತ್ತದೆ.

ಮೊನ್ನೆ ಕೃಷ್ಣಾಷ್ಟಮಿಯ ರಜೆಗೆ ಗಿರಿಜೆಯ ಮನೆಗೆ ಹೋಗಿದ್ದೆ. ಅವಳು ಮೂಡೆ ಬಡಿಸಿದಳು. ನನಗೆ ಆ ಹಳೆಯ ಸಂಗತಿ ನೆನಪಾಯಿತು. “ಗಿರಿಜಾ, ಇಷ್ಟು ವರ್ಷ ಆಯಿತು. ನನಗೊಬ್ಬನಿಗಾದರೂ ನಿಜ ಹೇಳು. ಅವತ್ತು ಒಳಗೆ ಹೋಗಿ ಯಾವ ಕಡೆಯಿಂದ ಬಿಚ್ಚಿದ್ದು?” ಎಂದು ಕೇಳಿದೆ.

“ಬಿಚ್ಚಲಿಕ್ಕೆ ಎಲ್ಲಿ ಪುರುಸೊತ್ತು ಅಣ್ಣಾ? ಅವರು ಬಸ್ಸು ಕೇಳಿ ಆಗಿತ್ತಲ್ಲ. ಚೂರಿ ಹಾಕಿ ಬದಿಯಿಂದ ಉದ್ದಕ್ಕೆ ಸೀಳಿ, ಎಲೆ ಎಳೆದು ಬಿಸಾಡಿದೆ.”

“ಚೂರಿಯಾ!” ನನ್ನ ಕೈಯ ಮೂಡೆ ಕೆಳಗೆ ಬಿತ್ತು. “ಮೂಡೆಗೆ ಚೂರಿ ಹಾಕಿದ್ದಾ? ಬದಿಯಿಂದ ಸೀಳಿದ್ದಾ? ಎಂತ ಮಾಡಿದ್ದು ನೀನು! ಬುಡದಿಂದ ಬಿಚ್ಚುವವರನ್ನಾದರೂ ಕ್ಷಮಿಸಬಹುದು, ಅವರಿಗೆ ಗೊತ್ತಿಲ್ಲ. ಆದರೆ ನೀನು ನಮ್ಮ ಮನೆಯಲ್ಲಿ ಹುಟ್ಟಿದವಳು! ಅದಕ್ಕೆ ಒಂದು ಬಾಯಿ ಅಂತ ಇರುವುದು ಎಂತಕ್ಕೆ? ಅಮ್ಮನಿಗೆ ಗೊತ್ತಾದರೆ ಎಂತ ಹೇಳಿಯಾರು? ಅಲ್ಲ, ಒಂದು ರೀತಿ ನೀತಿ ಅಂತ ಬೇಡವಾ ಮನುಷ್ಯರಿಗೆ!”

ನನ್ನ ಸ್ವರ ಎಷ್ಟು ಏರಿತ್ತೆಂದರೆ ವಾಸು ಜಗಲಿಯಿಂದ ಇಣುಕಿ ನೋಡಿದ. ಗಿರಿಜೆ ಸೌಟು ಹಿಡಿದು ನಿಂತವಳು ನನ್ನನ್ನು ಅಡಿಯಿಂದ ಮುಡಿಯ ತನಕ ಒಮ್ಮೆ ನೋಡಿದಳು. ಆಮೇಲೆ ಬಹಳ ಮೆತ್ತಗೆ ಕೇಳಿದಳು:

“ಅಣ್ಣಾ, ಆ ಕುಳ್ಳರಿಗೆ ತಾವು ಕುಳ್ಳರು ಅಂತ ಗೊತ್ತಿತ್ತಾ?”

ಬಿದ್ದ ಮೂಡೆಯನ್ನು ಎತ್ತಿಕೊಂಡು, ತಲೆ ತಗ್ಗಿಸಿ ತಿನ್ನತೊಡಗಿದೆ. ಹೌದು, ಬಾಯಿಯ ಕಡೆಯಿಂದಲೇ ಬಿಚ್ಚಿದೆ.